ಜ್ಯೂರಿಯಲ್ಲಿ ಕೂರಲು ಯಾರು ಯೋಗ್ಯರು?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿನ ಫೆಡರಲ್ ನ್ಯಾಯಾಲಯದಿಂದ ಒಂದು ಪ್ರಶ್ನಾವಳಿ ಬಂದಿತಂತೆ. ನೀವು ಈ ದೇಶದ ಪ್ರಜೆಯೇ, ಹದಿನೆಂಟು ತುಂಬಿದೆಯೇ, ಇಂಗ್ಲಿಷ್ ಓದಿ ಬರೆಯಬಲ್ಲಿರಾ, ಘೋರ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ಹೀಗೆ. "ನಮ್ಮ ಶಿಕಾರಿಪುರ, ಸೊರಬದ ಕಡೆ ಇಂಥದ್ದು ಇತ್ತೇ ಮೇಷ್ಟ್ರೇ?" ಎಂದು ಕೇಳಿದ. ಇತ್ತು, ನಮ್ಮಲ್ಲಿ ಅದರ ನೆನಪು ಮಾಸಿದೆಯಷ್ಟೆ.

ವಿಚಾರ ಹಳೆಯದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ನ್ಯಾಯಸಭೆಯ ಸಭ್ಯರು ಓದಿದವರೂ ಸತ್ಯವಂತರೂ ಶತ್ರು ಮಿತ್ರರಲ್ಲಿ ಸಮಾನರೂ ಆಗಿರಬೇಕೆಂಬುದು ಅಲ್ಲಿಯ ಮಾತು. ಕುಲ, ಶೀಲ, ವಯಸ್ಸು, ನಡತೆ, ಸಂಪತ್ತುಗಳುಳ್ಳ, ಮತ್ಸರವಿಲ್ಲದ ಕೆಲವು ವರ್ತಕರೂ ಸಭೆಯಲ್ಲಿರಬೇಕೆಂಬ ಕಾತ್ಯಾಯನನ ಮಾತನ್ನೂ ಅವನು ಉದ್ಧರಿಸುತ್ತಾನೆ. ಆಗ ಬನವಾಸಿ ಪನ್ನಿರ್ಛಾಸಿರದ ರಾಜಧಾನಿ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ವರ್ತಕರ ಊರು. ಸೊರಬದ ಕುಪ್ಪಟೂರು ಮಹಾಜನರ ಅಗ್ರಹಾರ. ಮತ್ಸರವಿಲ್ಲದ ವರ್ತಕರು ಬಳ್ಳಿಗಾವೆಯಲ್ಲಿ ಎಷ್ಟು ಮಂದಿ ಸಿಕ್ಕಿದರೋ!

ಇನ್ನು ಆಧುನಿಕ ಕಾಲ. ಬ್ರಿಟಿಷ್ ಇಂಡಿಯಾದ 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸೆಷನ್ಸ್ ವಿಚಾರಣೆ ಜ್ಯೂರಿಯ ಮುಂದೆ ಅಥವಾ ಅಸೆಸರುಗಳ ನೆರವಿನಿಂದ ನಡೆಯಬೇಕು. ಅಸೆಸರುಗಳು ಅಭಿಪ್ರಾಯ ಹೇಳುವರು. ನ್ಯಾಯಾಧೀಶರು ಅದಕ್ಕೆ ಬದ್ಧರಲ್ಲ. ಮೈಸೂರು ಸಂಸ್ಥಾನಕ್ಕೆ 1904ರ ತನ್ನದೇ ಸಂಹಿತೆಯಿದ್ದು, 1951ರಲ್ಲಿ ಆ 1898ರ ಸಂಹಿತೆಯೇ ಇಲ್ಲಿಗೂ ಅನ್ವಯವಾಯಿತು.

ಅದರಲ್ಲಿ ಅರ್ಹತೆಯ ಮೊದಲ ಸೂತ್ರ ಸರಳ: ಇಪ್ಪತ್ತೊಂದರಿಂದ ಅರವತ್ತು ವರ್ಷದ ಒಳಗಿನ ಗಂಡಸು. ಜಮೀನು ಇಷ್ಟಿರಬೇಕು, ಓದು ಇಷ್ಟಿರಬೇಕು ಎಂದು ಸಂಹಿತೆ ಹೇಳಲಿಲ್ಲ. ಸೆಷನ್ಸ್ ನ್ಯಾಯಾಧೀಶರೂ ಕಲೆಕ್ಟರರೂ ಸೇರಿ, ತಮ್ಮ ತೀರ್ಮಾನದಲ್ಲಿ ಯೋಗ್ಯರೆನಿಸಿದವರ ಹೆಸರು, ವಾಸಸ್ಥಳ, ಉದ್ಯೋಗಗಳನ್ನು ಅಕ್ಷರಾನುಕ್ರಮದಲ್ಲಿ ಬರೆದು, ಪಟ್ಟಿಯನ್ನು ಕಚೇರಿಗಳಲ್ಲಿಯೂ ಆಯಾ ಊರುಗಳಲ್ಲಿಯೂ ಎದ್ದು ಕಾಣುವಂತೆ ಅಂಟಿಸಬೇಕು. ತಕರಾರಿದ್ದರೆ ಕೇಳಿ ತಿದ್ದಬೇಕು; ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರೆ ಬಂದೂ ಸಕಾರಣವಿಲ್ಲದೆ ಹೋಗದವನಿಗೆ ನೂರು ರೂಪಾಯಿಯವರೆಗೆ ದಂಡ. ಅಂದಿನ ರೈತನಿಗೆ ನೂರು ರೂಪಾಯಿ ಎಂದರೇನೆಂದು ನಿಮ್ಮ ಅಜ್ಜಂದಿರು ಹೇಳಿಯಾರು.

ನನಗೆ ಸ್ವಾರಸ್ಯವೆನಿಸುವುದು ಎರಡನೆಯ ಜರಡಿ. ಬಂದವರಲ್ಲಿ ಚೀಟಿಯೆತ್ತಿ ಆರಿಸಿದ ಜ್ಯೂರರಿಗೆ ಆರೋಪಿಯೂ ಸರ್ಕಾರವೂ ಆಕ್ಷೇಪಣೆ ಹೇಳಬಹುದಾಗಿತ್ತು. ಪಕ್ಷಪಾತ, ವಯಸ್ಸು, ಅನರ್ಹಗೊಳಿಸುವ ಅಪರಾಧ, ಸಾಕ್ಷ್ಯದ ಭಾಷೆ ತಿಳಿಯದಿರುವುದು, ಇವು ಕೆಲವು ಕಾರಣಗಳು. ವ್ರತದಿಂದ ಲೌಕಿಕ ವ್ಯವಹಾರವನ್ನು ತ್ಯಜಿಸಿದವನು ಕೂಡದು. ಎಂದರೆ ನಮ್ಮ ಸೀಮೆಯ ವಿರಕ್ತ ಸ್ವಾಮಿಗಳು ಹೊರಗೆ. ಪೊಲೀಸ್ ಕರ್ತವ್ಯ ಹೊತ್ತವನೂ ಕೂಡದು. ಹಳ್ಳಿಯ ಪಟೇಲರಿಗೆ ಪೊಲೀಸ್ ಜವಾಬ್ದಾರಿಯಿತ್ತಲ್ಲವೇ? ಊರಿನ ವ್ಯಾಜ್ಯಗಳನ್ನೆಲ್ಲ ಜಗಲಿಯಲ್ಲಿ ಕೂತು ಬಗೆಹರಿಸುತ್ತಿದ್ದ ಪಟೇಲರೇ ಆಕ್ಷೇಪಣೆಗೆ ಗುರಿ! ಪೊಲೀಸರೇ ಹಿಡಿದು ತಂದವನ ತಪ್ಪನ್ನು ಪೊಲೀಸರೇ ತೂಗಬಾರದೆಂಬ ಈ ನಿಯಮವನ್ನು ನಾನು ಮೆಚ್ಚುತ್ತೇನೆ.

ಮೆಚ್ಚಲಾರದ್ದೂ ಇದೆ. ಹೆಣ್ಣುಮಕ್ಕಳು ಆ ಸಾಲಿನಲ್ಲಿ ಒಟ್ಟಾರೆ ಹೊರಗೆ. ಮನೆಯ ಜಗಳ, ವರದಕ್ಷಿಣೆ, ಬಾವಿಗೆ ಬಿದ್ದ ಸೊಸೆ, ಇವುಗಳ ಒಳಹೊರಗನ್ನು ಬಲ್ಲವರು ಅವರೇ ಆಗಿದ್ದರು. ತಾಂಡಾದ ಲಂಬಾಣಿಗೆ ಕನ್ನಡ ಚೆನ್ನಾಗಿ ತಿಳಿದಿದ್ದರೆ ಸಂಹಿತೆಯ ಅಕ್ಷರದಲ್ಲಿ ಅಡ್ಡಿಯಿಲ್ಲ. ಆದರೆ 'ಯೋಗ್ಯರೆನಿಸಿದವರು' ಎಂಬ ಒಂದು ಪದದೊಳಗೆ ಯಾರ ಹೆಸರನ್ನೂ ಬರೆಯದೆ ಬಿಡುವ ಅಧಿಕಾರ ಅಡಗಿತ್ತು. ಬರೆಯದೆ ಬಿಟ್ಟ ಹೆಸರಿನ ಮೇಲೆ ತಕರಾರು ಎತ್ತುವವರಾರು?

ಪಕ್ಷಪಾತದ ಮಾತಂತೂ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೆನೆಯಿರಿ. 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು; 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಆ ದಿನಗಳಲ್ಲಿ ಈ ಎರಡು ತಾಲ್ಲೂಕುಗಳಲ್ಲಿ ಚಳವಳಿಯ ಕಡೆಗೂ ವಾಲದ, ಸರ್ಕಾರಕ್ಕೂ ಹೆದರದ, ಶತ್ರು ಮಿತ್ರರಲ್ಲಿ ಸಮಾನನಾದ ಒಬ್ಬ ಸಭ್ಯನನ್ನು ಹುಡುಕಿ ತನ್ನಿ ಎಂದಿದ್ದರೆ ವಿಜ್ಞಾನೇಶ್ವರನೂ ಕೈಚೆಲ್ಲುತ್ತಿದ್ದನು.

ಅಸೆಸರುಗಳ ಪದ್ಧತಿ 1955ರ ತಿದ್ದುಪಡಿಯಿಂದ ಹೋಯಿತು. 1958ರಲ್ಲಿ ಕಾನೂನು ಆಯೋಗವು ಜ್ಯೂರಿಯನ್ನೂ ಕೈಬಿಡುವಂತೆ ಶಿಫಾರಸು ಮಾಡಿತು. ಮರುವರ್ಷ ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿ ಎಂಟು ಜನ ನಿರ್ದೋಷಿಯೆಂದರೆ ಒಬ್ಬರು ಮಾತ್ರ ದೋಷಿಯೆಂದರು. ಆ ತೀರ್ಮಾನವನ್ನು ಒಪ್ಪದ ನ್ಯಾಯಾಧೀಶರು ಮೊಕದ್ದಮೆಯನ್ನು ಹೈಕೋರ್ಟಿಗೆ ಕಳುಹಿಸಿದರು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿರಲಿಲ್ಲ. ನನ್ನ ವಿದ್ಯಾರ್ಥಿಯು ಪ್ರಶ್ನಾವಳಿಯನ್ನು ತುಂಬಿ ಕಳುಹಿಸಿದ್ದಾನೆ. ಕರೆ ಬಂದರೆ ಬರೆಯುವೆನೆಂದಿದ್ದಾನೆ.