ಎರಡು ಕಿವಿ, ಒಂದು ಕಡೆಗೋಲು

ನಾನು ಸಮಾಜ ಪಾಠ ಹೇಳುವವಳು. ಕದಂಬರು, ಚಾಲುಕ್ಯರು ಎಂದರೆ ತಡವರಿಸದ ನಾಲಿಗೆ ವೋಲ್ಟು, ವ್ಯಾಟು ಎಂದರೆ ಸುಮ್ಮನಾಗಿಬಿಡುತ್ತದೆ. ಆದರೂ ಹೋದ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನೇ ತೀರ್ಪುಗಾರ್ತಿ ಮಾಡಿದರು. ಅಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹುಣಸೆಬೀಜದಷ್ಟಿದ್ದ, ಎಂಟು ಕಾಲಿನ ಕರಿಯ ಚಿಪ್ಪೊಂದನ್ನು ಎರಡು ಪೆನ್ಸಿಲ್ ಸೆಲ್ಲುಗಳಿಗೆ ಜೋಡಿಸಿ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಹಾಡು ಸೊಗಸಾಗಿ ಕೇಳಿಸಿತು. ಫಿಲಿಪ್ಸ್ ಕಂಪನಿ ತಯಾರಿಸುತ್ತಿದ್ದ ಟಿ.ಡಿ.ಎ. ೭೦೫೦ ಎಂಬ ಹಳೆಯ ಚಿಪ್ಪು ಅದು. ೧.೬ ವೋಲ್ಟಿನಷ್ಟು ಕಡಿಮೆ ವಿದ್ಯುತ್ತಿನಲ್ಲೂ ಕೆಲಸ ಮಾಡುತ್ತದಂತೆ.

“ಇದನ್ನ ಎರಡು ಥರ ಜೋಡಿಸಬಹುದು ಮಿಸ್” ಎಂದಳು. ಎರಡು ಥರ ಏಕೆ? ಹೇಗೆ ಎಂಬುದನ್ನು ಅವಳು ವಿವರಿಸಿದಳು. ಏಕೆ ಎಂಬುದನ್ನು ನಾನು ನನ್ನ ಅಭ್ಯಾಸದಂತೆ ಇತಿಹಾಸದಲ್ಲಿ ಹುಡುಕಿದೆ.

ಹುಡುಕಹೊರಟವಳಿಗೆ ಮೊದಲು ಎದುರಾದದ್ದು ಒಬ್ಬ ಹೆಂಗಸೇ! ೧೮೭೮ರ ಸೆಪ್ಟೆಂಬರ್ ೧ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಸೇರಿದಳು. ಅಲ್ಲಿದ್ದ ಹುಡುಗರು ಗಿರಾಕಿಗಳ ಜೊತೆ ಒರಟಾಗಿ ಮಾತಾಡುತ್ತಿದ್ದರೆಂದು ಹೆಂಗಸರನ್ನು ತೆಗೆದುಕೊಂಡರು. ಆಕೆಯ ನಂತರ ಸಾವಿರಾರು ಹೆಂಗಸರು ತಂತಿಯ ತುದಿಯ ಪ್ಲಗ್ಗನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುತ್ತಾ ಊರು ಊರುಗಳನ್ನು ಮಾತಾಡಿಸಿದರು. ಇಂದು ನಾವು ಹೆಡ್‌ಫೋನಿಗೆ ಸಿಕ್ಕಿಸುವುದು ಅದೇ ಪ್ಲಗ್ಗಿನ ಮರಿಮಗಳನ್ನು.

ಇನ್ನು ಸ್ಟೀರಿಯೊ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ಬದಿಯಲ್ಲಿದ್ದರೂ ಧ್ವನಿ ಬೇರೆಲ್ಲಿಂದಲೋ ಬರುವುದನ್ನು ಗಮನಿಸಿದನಂತೆ. ೧೯೩೧ರಲ್ಲಿ ಆತ ಎಡಬಲಗಳ ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಕೋರಿದ. ೧೯೫೮ರಲ್ಲಿ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನ್ ತಂದ. ಅದೇ ವರ್ಷ ಜ್ಯಾಕ್ ಕಿಲ್ಬಿ ಚಿಪ್ಪನ್ನು ಮಾಡಿ ತೋರಿಸಿದ. ೧೯೭೯ರ ಜುಲೈನಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದಿತು. ಎರಡು ಸೆಲ್ಲು, ಬರೀ ೩ ವೋಲ್ಟು, ಜೇಬಿನಲ್ಲಿ ಸಂಗೀತ!

ಕಷ್ಟ ಇದ್ದದ್ದು ಆ ೩ ವೋಲ್ಟಿನಲ್ಲೇ. ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಚಿಪ್ಪಿನೊಳಗೆ ಇರುವುದು ಎರಡು ಆಂಪ್ಲಿಫೈಯರು. ಮೊದಲನೆಯ ಜೋಡಣೆಯಲ್ಲಿ ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಹಾಡು ಇಲ್ಲದಾಗಲೂ ಅವುಗಳ ಬಾಯಲ್ಲಿ ಸುಮಾರು ಒಂದೂವರೆ ವೋಲ್ಟು ನಿಂತಿರುತ್ತದೆ. ಅದು ಹೆಡ್‌ಫೋನಿಗೆ ಇಳಿಯದಂತೆ ಒಂದೊಂದು ಕೆಪಾಸಿಟರನ್ನು ಜರಡಿಯ ಹಾಗೆ ಅಡ್ಡ ಹಿಡಿಯುತ್ತಾರೆ. ನಿಂತ ವಿದ್ಯುತ್ತು ಅಲ್ಲೇ ಉಳಿದು, ಅಲುಗುವ ಹಾಡು ಮಾತ್ರ ದಾಟುತ್ತದೆ.

ಎರಡನೆಯದು ಬ್ರಿಜ್ ಜೋಡಣೆ. ಮಜ್ಜಿಗೆ ಕಡೆದವರಿಗೆ ಇದು ಬೇಗ ಅರ್ಥವಾದೀತು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನಷ್ಟೇ ಎಳೆದರೆ ಕಡೆಗೋಲು ಎಷ್ಟು ತಿರುಗೀತು? ಒಂದು ಕೈ ಎಳೆದಾಗ ಇನ್ನೊಂದು ಬಿಡಬೇಕು. ಹಾಗೆಯೇ ಇಲ್ಲಿ ಎರಡು ಆಂಪ್ಲಿಫೈಯರೂ ಸೇರಿ ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಿಡಿಯುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಅದೇ ಸೆಲ್ಲಿನಿಂದ ಸಿಗುವ ಏರಿಳಿತ ಎರಡು ಪಟ್ಟು! ಎರಡು ತುದಿಯಲ್ಲೂ ನಿಂತ ವೋಲ್ಟು ಸಮವಾಗಿರುವುದರಿಂದ ಜರಡಿಯೂ ಬೇಡ.

ಇಷ್ಟು ಒಳ್ಳೆಯದಾದರೆ ಎರಡು ಕಿವಿಗೂ ಎರಡು ಚಿಪ್ಪಿಟ್ಟು ಹೀಗೇ ಮಾಡಬಾರದೇ ಎಂದು ನೀವು ಕೇಳಬಹುದು. ಅಡ್ಡ ಬರುವುದು ಆ ಹಳೆಯ ಪ್ಲಗ್ಗು. ಅದರ ತುದಿ ಎಡಕ್ಕೆ, ನಡುವಿನ ಬಳೆ ಬಲಕ್ಕೆ. ಹಿಂದಿರುಗುವ ದಾರಿ ಮಾತ್ರ ಇಬ್ಬರಿಗೂ ಒಂದೇ. ಹಗ್ಗದ ಒಂದೊಂದು ತುದಿಯನ್ನು ಆಗಲೇ ಒಂದೇ ಕಂಬಕ್ಕೆ ಕಟ್ಟಿಬಿಟ್ಟಿದ್ದಾರೆ. ಎಮ್ಮಾ ನಟ್ ಕಾಲದ ಪ್ಲಗ್ಗಿನ ವಂಶ ಇಂದಿನ ಚಿಪ್ಪಿಗೂ ಕಟ್ಟು ಹಾಕಿದೆ.

ಇದೆಲ್ಲ ನನಗೇಕೆ ಬೇಕಿತ್ತು ಎಂದರೆ, ನಮ್ಮ ಅಮ್ಮನಿಗಾಗಿ. ಎಳವೆಯಲ್ಲಿ ಮಂಗನಬಾವು ಬಂದು ಅಮ್ಮನ ಎಡಗಿವಿ ಹೋಗಿದೆ. ಈಗ ಎಂಬತ್ತು ದಾಟಿದೆ. ಹಳೆಯ ಕ್ಯಾಸೆಟ್ ಪ್ಲೇಯರಿಗೆ ಹೆಡ್‌ಫೋನ್ ಸಿಕ್ಕಿಸಿ ದೇವರನಾಮ ಕೇಳುತ್ತಾರೆ. “ಈ ಹಾಡಿಗೆ ಕೊಳಲು ಇದ್ದಿದ್ರೆ ಚೆನ್ನಾಗಿತ್ತು” ಎಂದು ಆಗಾಗ ಹೇಳುವರು. “ಇದೆಯಲ್ಲಮ್ಮ, ನಿನಗೆ ಮರೆವು” ಎಂದು ನಾನು ಗದರುತ್ತಿದ್ದೆ. ಕೊಳಲನ್ನು ಧ್ವನಿಮುದ್ರಿಸಿದವರು ಎಡಗಡೆಗೆ ಇಟ್ಟಿದ್ದರು! ಅಮ್ಮನಿಗೆ ಅದು ಒಂದು ದಿನವೂ ಕೇಳಿಸಿರಲಿಲ್ಲ. ವರ್ಷಗಟ್ಟಲೆ ಗದರಿದ್ದೇನೆ.

ಮೊಬೈಲುಗಳಲ್ಲಿ ಎರಡು ಧ್ವನಿಯನ್ನೂ ಬೆರೆಸುವ ಮೋನೊ ಎಂಬ ಆಯ್ಕೆ ಇರುತ್ತದೆ. ನಿಮ್ಮ ಮನೆಯಲ್ಲಿ ಹೀಗೊಬ್ಬರಿದ್ದರೆ ನೋಡಿ. ಹಳೆಯ ಪ್ಲೇಯರಿಗೆ ಆ ಭಾಗ್ಯವಿಲ್ಲ. ಹುಡುಗಿಗೆ ಹೇಳಿದೆ. ಎಡಬಲಗಳನ್ನು ಎರಡು ರೆಸಿಸ್ಟರುಗಳ ಮೂಲಕ ಕೂಡಿಸಿ, ಚಿಪ್ಪನ್ನು ಬ್ರಿಜ್ ಮಾಡಿ, ಒಂದೇ ಇಯರ್‌ಫೋನಿನೊಡನೆ ಸೋಪಿನ ಡಬ್ಬಿಯಲ್ಲಿಟ್ಟು ತಂದಳು. ಇರುವ ಒಂದು ಕಿವಿಗೆ ಪೆಟ್ಟಾಗದಂತೆ ಧ್ವನಿ ತಗ್ಗಿಸಿಯೇ ಶುರುಮಾಡಿದೆವು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, “ಕೊಳಲು ಯಾವಾಗ ಸೇರಿಸಿದರೇ?” ಎಂದರು.

ಅಂದು ಪ್ರದರ್ಶನದಲ್ಲಿ ನಾನು ಮೊದಲ ಬಹುಮಾನವನ್ನು ಹೊಗೆಯುಗುಳುವ ಜ್ವಾಲಾಮುಖಿಗೆ ಕೊಟ್ಟಿದ್ದೆ. ಈ ಹುಡುಗಿಗೆ ಎರಡನೆಯದು.