ಕಾಗೋಡಿನ ಕೊಳಗ, ಅರಸರ ಕಾನೂನು



ಕಳೆದ ಬಾರಿ ನಮ್ಮ ಬಳಗ ಸೇರಿದ್ದು ಜೆರಾರ್ಡ್ ಇಂಡಿಯಾ ಬಜಾರಿನಲ್ಲಿ. ಚರ್ಚೆಗೆ ಇಟ್ಟುಕೊಂಡಿದ್ದ ಪುಸ್ತಕ ಯು.ಆರ್. ಅನಂತಮೂರ್ತಿಯವರ 'ಅವಸ್ಥೆ'. 1978ರಲ್ಲಿ ಬಂದ ಈ ಕಾದಂಬರಿಯ ನಾಯಕ ಕೃಷ್ಣಪ್ಪಗೌಡ ಒಂದು ಕಾಲದ ರೈತ ಹೋರಾಟಗಾರ. ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಅಂಥ ಹೊತ್ತಿನಲ್ಲೇ ಮುಖ್ಯಮಂತ್ರಿ ಪದವಿಯ ಮಾತು ಅವನ ಬಳಿಗೆ ಬರುತ್ತದೆ. ಒಪ್ಪಿಕೊಳ್ಳಬೇಕೆ, ಬೇಡವೆ?

ದೋಸೆ ಮುಗಿದು ಎರಡನೇ ಸುತ್ತಿನ ಕಾಫಿ ಬರುವಷ್ಟರಲ್ಲಿ ನಾವೇ ಎರಡು ಪಕ್ಷವಾಗಿದ್ದೆವು. ಅಧಿಕಾರವಿಲ್ಲದೆ ಯಾರಿಗೆ ಏನು ಮಾಡಲಾದೀತು ಎಂದರು ಕೆಲವರು. ಒಮ್ಮೆ ಬಗ್ಗಿದ ಬೆನ್ನು ಮತ್ತೆ ನೆಟ್ಟಗಾಗುವುದುಂಟೆ ಎಂದರು ಉಳಿದವರು. ಅಷ್ಟರಲ್ಲಿ ನಮ್ಮಲ್ಲೊಬ್ಬರು, "ಈ ಹೋರಾಟದ ಕೊನೆಗೆ ಬಂದ ಕಾನೂನಿನಲ್ಲೇ ನಮ್ಮಜ್ಜಿಯ ಗದ್ದೆ ಹೋಯಿತು. ಗಂಡ ಸತ್ತ ಹೆಂಗಸು, ಅದೊಂದೇ ಅವಳಿಗೆ ಆಧಾರ" ಎಂದರು. ಎದುರಿಗೆ ಕೂತವರು ಸ್ವಲ್ಪ ತಡೆದು, "ನಮ್ಮಪ್ಪನಿಗೆ ಅಂಥದೇ ಗದ್ದೆ ಬಂತು. ಬರದಿದ್ದರೆ ನಾನು ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ" ಎಂದರು. ಆಮೇಲೆ ಯಾರಿಗೂ ಮಾತು ಮುಂದುವರಿಸಲು ತೋಚಲಿಲ್ಲ. ಹತ್ತಾರು ವರ್ಷಗಳಿಂದ ಒಂದೇ ಮೇಜಿನಲ್ಲಿ ಉಂಡವರು ನಾವು. ಇದು ಗೊತ್ತೇ ಇರಲಿಲ್ಲ!

ಹಾಗಾಗಿ ಈ ಸಲ ಕಾದಂಬರಿಯನ್ನು ಬದಿಗಿಟ್ಟು, ಅದರ ಹಿಂದಿರುವ ನಿಜವಾದ ಕತೆಯನ್ನು ಹೇಳಬೇಕೆನಿಸಿತು.

ಕೃಷ್ಣಪ್ಪಗೌಡನ ಪಾತ್ರಕ್ಕೆ ಮೂಲ ಶಾಂತವೇರಿ ಗೋಪಾಲಗೌಡರು ಎಂಬುದು ನಿಮಗೆಲ್ಲ ತಿಳಿದದ್ದೇ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಹುಡುಗರಾಗಿದ್ದಾಗಲೇ ಜೈಲು ಕಂಡವರು. ಅವರ ಹೆಸರು ನಾಡಿಗೆಲ್ಲ ತಿಳಿದದ್ದು ಕಾಗೋಡಿನಿಂದ.

ಕಾಗೋಡು ಸಾಗರ ತಾಲ್ಲೂಕಿನ ಸಣ್ಣ ಹಳ್ಳಿ. ಅಲ್ಲಿ ಉಳುವವರು ಹೆಚ್ಚಾಗಿ ದೀವರು, ಭೂಮಿ ಒಡೆಯರದು. ಗೇಣಿಯ ಬತ್ತ ಅಳೆಯಲು ಒಡೆಯರು ಇಟ್ಟುಕೊಂಡ ಕೊಳಗ ದೊಡ್ಡದು. ಕೊಳಗ ದೊಡ್ಡದಾದಷ್ಟೂ ರೈತನ ಕಣಜ ಸಣ್ಣದು! ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಲೆಹಾಕಿ ರೈತ ಸಂಘ ಕಟ್ಟಿದರು. ಜಗಳ ಅಳತೆಯಿಂದ ಶುರುವಾಗಿ, ಒಕ್ಕಲೆಬ್ಬಿಸುವವರೆಗೆ ಹೋಯಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಹೊಲಕ್ಕಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಅದನ್ನು ತನ್ನ ಹೋರಾಟವಾಗಿ ಮಾಡಿಕೊಂಡಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಆ ಸತ್ಯಾಗ್ರಹದಿಂದ ಗೇಣಿದಾರರಿಗೆ ಕೂಡಲೇ ಭೂಮಿ ಸಿಗಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರು, ಸಿರಿವಂತ ಜಮೀನ್ದಾರರೂ ಕಾಂಗ್ರೆಸ್ ಅಭ್ಯರ್ಥಿಯೂ ಆಗಿದ್ದ ಬದರಿನಾರಾಯಣ ಅಯ್ಯಂಗಾರ್ ಅವರನ್ನು ಸೋಲಿಸಿ ವಿಧಾನಸಭೆಗೆ ಹೋದರು. ವೋಟು ಕೇಳಲು ಹೋದವರು ಜನರಿಂದಲೇ ನೋಟನ್ನೂ ಕೇಳಿ ಪಡೆಯುತ್ತಿದ್ದರು. ಚುನಾವಣೆಗೆ ಹಣ ಹಂಚುವುದನ್ನು ಕಂಡು ಬೇಸತ್ತವರಿಗೆ ಇದು ಪುರಾಣದ ಕತೆಯಂತೆ ಕೇಳಿಸಬಹುದು.

ಈಗ ತತ್ವ ಮತ್ತು ರಾಜಿಯ ಪ್ರಶ್ನೆಗೆ ಬರೋಣ. ಅದು ಮೊದಲು ಎದ್ದದ್ದು ಮಲೆನಾಡಿನಲ್ಲಲ್ಲ, ತಿರುವಾಂಕೂರು-ಕೊಚ್ಚಿಯಲ್ಲಿ. ಸಮಾಜವಾದಿಗಳು ಕೃಪಲಾನಿಯವರ ಪಕ್ಷದೊಡನೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಗಿದ್ದರು. 1954ರಲ್ಲಿ ಕಾಂಗ್ರೆಸ್ಸಿನ ಹೊರಗಿನ ಬೆಂಬಲದಿಂದ ಪಟ್ಟಂ ತಾಣು ಪಿಳ್ಳೆಯವರ ಸರಕಾರ ಅಲ್ಲಿ ನಡೆಯುತ್ತಿತ್ತು. ಆಗಸ್ಟ್‌ನಲ್ಲಿ ತಮಿಳು ಭಾಷಿಕರ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಲೋಹಿಯಾ ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ, ಮೇಲಾಗಿ ಉತ್ತರ ಪ್ರದೇಶದ ಜೈಲಿನಲ್ಲಿದ್ದರು. ನಮ್ಮ ಸರಕಾರ ರಾಜೀನಾಮೆ ಕೊಡಬೇಕು ಎಂದು ಅಲ್ಲಿಂದಲೇ ಹೇಳಿಕಳಿಸಿದರು. ಬೇರೆಯವರ ಗುಂಡು ತಪ್ಪು, ನಮ್ಮ ಗುಂಡು ಸರಿ ಎನ್ನಲಾದೀತೆ? ಪಕ್ಷ ಒಪ್ಪಲಿಲ್ಲ. 1955ರ ಕೊನೆಗೆ ಲೋಹಿಯಾ ಬೇರೆ ಪಕ್ಷ ಕಟ್ಟಿದರು.

ಗೋಪಾಲಗೌಡರು ನಡೆದದ್ದು ಲೋಹಿಯಾ ದಾರಿಯಲ್ಲಿ. ದಾರಿ ನೇರವಾಗಿತ್ತು, ಆದರೆ ಜನ ಕಡಿಮೆ. ಪಕ್ಷ ಒಡೆಯಿತು, 1964ರಲ್ಲಿ ಸೇರಿತು, ಮರುವರ್ಷ ಮತ್ತೆ ಒಡೆಯಿತು. 1957ರಲ್ಲಿ ಗೌಡರು ಸೋತರು; 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ವಿಧಾನಸಭೆಯಲ್ಲಿ ಅವರ ಮಾತಿಗಿದ್ದ ತೂಕ ಅವರ ಪಕ್ಷದ ಸಂಖ್ಯೆಗೆ ಎಂದೂ ಇರಲಿಲ್ಲ. ಆರೋಗ್ಯ ಕೆಟ್ಟು, 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಬರೀ 49 ವರ್ಷ.

ಎರಡು ವರ್ಷವೂ ಕಳೆದಿರಲಿಲ್ಲ. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು. ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಗಿ, ಉಳುವವನು ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಬೇಕು. ಎಂಟು ಲಕ್ಷದಷ್ಟು ಅರ್ಜಿಗಳು ಬಂದವು. ಇದನ್ನು ತಂದವರು ಯಾರು? ಕಾಗೋಡಿನ ರೈತರನ್ನು ಜೈಲಿಗೆ ಹಾಕಿದ್ದ ಅದೇ ಕಾಂಗ್ರೆಸ್. ಮುಖ್ಯಮಂತ್ರಿ ದೇವರಾಜ ಅರಸರು. ಸಮಾಜವಾದಿಗಳು ಇಪ್ಪತ್ತು ವರ್ಷ ಕೂಗಿದ್ದನ್ನು ಎದುರು ಪಕ್ಷ ಕಾಗದಕ್ಕಿಳಿಸಿತು!

ಹಾಗಾದರೆ ರಾಜಿಯವರ ಮಾತೇ ಸರಿಯಾಯಿತಲ್ಲ? ಮೊದಲೇ ಹೋಗಿ ಕಾಂಗ್ರೆಸ್ ಸೇರಿದ್ದರೆ ಕೆಲಸ ಬೇಗ ಆಗುತ್ತಿತ್ತಲ್ಲ? ನಮ್ಮ ಮೇಜಿನಲ್ಲೂ ಈ ವಾದ ಬಂತು. ಆದರೆ ಕತೆ ಇನ್ನೂ ಮುಗಿದಿಲ್ಲ.

1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಭೂ ನ್ಯಾಯಮಂಡಳಿಗಳು ಭರದಿಂದ ಕೆಲಸ ಮಾಡಿದ್ದೂ ಆ ದಿನಗಳಲ್ಲೇ. ಅದೇ ದಿನಗಳಲ್ಲಿ, ಅದೇ ಸರಕಾರದ ಬೆಂಗಳೂರಿನ ಸೆರೆಮನೆಯಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವೆಲ್ಲ ಅವರನ್ನು ನೆನೆಯುತ್ತೇವೆ. ಲೋಹಿಯಾ ವಿಚಾರವನ್ನು ನಂಬಿದ್ದ ಮನೆ ಅವರದು. 1976ರಲ್ಲಿ ಬಂಧನ. ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಿಟ್ಟ ಕೆಲವೇ ದಿನಗಳಿಗೆ ತೀರಿಕೊಂಡರು. ಸಾಗರದ ರೈತನ ಕೈಗೆ ಹಕ್ಕುಪತ್ರ ಕೊಟ್ಟ ಸರಕಾರವೂ, ಸ್ನೇಹಲತಾ ಅವರ ಮೇಲೆ ಬೀಗ ಹಾಕಿದ ಸರಕಾರವೂ ಒಂದೇ. ಗೋಪಾಲಗೌಡರು ಬದುಕಿದ್ದು ಆ ಸರಕಾರ ಸೇರಿದ್ದರೆ, ಎರಡಕ್ಕೂ ಅವರು ರುಜು ಹಾಕಬೇಕಾಗುತ್ತಿತ್ತು.

ಕಾನೂನಿನಲ್ಲೂ ಕೊರತೆಗಳಿದ್ದವು. ಗೇಣಿಗೆ ಕೊಟ್ಟಿದ್ದ ಭೂಮಿ ನೂರೆಕರೆಯಾಗಲಿ ಎರಡೆಕರೆಯಾಗಲಿ ಹೋಯಿತು. ನಮ್ಮ ಗೆಳೆಯರ ಅಜ್ಜಿಯಂಥವರೂ ಒಡೆಯರ ಸಾಲಿಗೇ ಸೇರಿದರು. ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ದುಡಿಯುತ್ತಿದ್ದವರಿಗೆ ಸಿಕ್ಕಿದ್ದು ಬಹಳ ಕಡಿಮೆ.

ಇನ್ನು ಗೌಡರ ಗರಡಿಯವರು. ಎಸ್. ಬಂಗಾರಪ್ಪ ಮುಂದೆ ಕಾಂಗ್ರೆಸ್ ಸೇರಿ 1990ರಲ್ಲಿ ಮುಖ್ಯಮಂತ್ರಿಯಾದರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು ಜನತಾ ಪರಿವಾರದಿಂದ 1996ರಲ್ಲಿ ಮುಖ್ಯಮಂತ್ರಿಯಾದರು. ಕಾಗೋಡು ತಿಮ್ಮಪ್ಪನವರೂ ಕಾಂಗ್ರೆಸ್ಸಿಗೆ ಹೋದರು. ಅವರು ಕಂದಾಯ ಸಚಿವರಾಗಿದ್ದಾಗ ಹಾಡಿ, ಹಟ್ಟಿ, ತಾಂಡಾಗಳಲ್ಲಿ ದಾಖಲೆಯಿಲ್ಲದೆ ಬಾಳುತ್ತಿದ್ದವರಿಗೆ ಮನೆಯ ಹಕ್ಕು ಕೊಡುವ ತಿದ್ದುಪಡಿ ಬಂತು. ಕಾಗೋಡಿನ ಹೆಸರು ಹೊತ್ತವರು ಅರ್ಧ ಶತಮಾನದ ಮೇಲೆ ಕುರ್ಚಿಯಲ್ಲಿ ಕೂತು ಮಾಡಿದ ಆ ಕೆಲಸವನ್ನು ಬರೀ ರಾಜಿ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ಇದು ನಮ್ಮ ನಾಡಿನ ಕತೆ ಮಾತ್ರವಲ್ಲ. ನಾವು ಕಾಫಿ ಕುಡಿದ ಬೀದಿ ಟೊರಾಂಟೊ-ಡ್ಯಾನ್‌ಫೋರ್ತ್ ಕಡೆಯದು. 2004ರಿಂದ 2011ರಲ್ಲಿ ಸಾಯುವವರೆಗೆ ಎನ್‌ಡಿಪಿಯ ಜ್ಯಾಕ್ ಲೇಟನ್ ಗೆದ್ದ ಕ್ಷೇತ್ರ. ಅವರ ಪಕ್ಷಕ್ಕೂ ಇದೇ ಸಂಕಟ. 1972ರಲ್ಲಿ 31 ಸ್ಥಾನ ಗೆದ್ದ ಡೇವಿಡ್ ಲೂಯಿಸ್, ಬಹುಮತವಿಲ್ಲದ ಪಿಯರ್ ಟ್ರೂಡೊ ಸರಕಾರವನ್ನು ಎತ್ತಿಹಿಡಿದು ಕೆಲವು ಕೆಲಸ ಮಾಡಿಸಿಕೊಂಡರು. 1974ರ ಚುನಾವಣೆಯಲ್ಲಿ ಪಕ್ಷ 16ಕ್ಕೆ ಇಳಿಯಿತು. ಲೂಯಿಸ್ ಇದೇ ಟೊರಾಂಟೊದ ತಮ್ಮ ಸ್ಥಾನವನ್ನೂ ಕಳೆದುಕೊಂಡರು. 2022ರಲ್ಲಿ ಮತ್ತೆ ಅಂಥದೇ ಒಪ್ಪಂದವಾಯಿತು. ಜನರಿಗೆ ಹಲ್ಲಿನ ಚಿಕಿತ್ಸೆಯ ಯೋಜನೆ ಸಿಕ್ಕಿತು. 2025ರಲ್ಲಿ ಪಕ್ಷಕ್ಕೆ ಉಳಿದದ್ದು 7 ಸ್ಥಾನ. ಅಲ್ಲಿ ರಾಜಿಯಾಗದವರು ಸೊರಗಿದರು, ಇಲ್ಲಿ ರಾಜಿಯಾದವರು ಸೊರಗಿದರು. ಕೈ ಕೆಸರು ಮಾಡಿಕೊಂಡವರೊಬ್ಬರು, ಮೊಸರು ಉಂಡವರು ಇನ್ನೊಬ್ಬರು!

ನಮಗನ್ನಿಸುವುದಿಷ್ಟು: ಸರಕಾರದೊಳಗೆ ಕೂತವರಿಗೆ ರಾಜಿ ಮಾಡಿಕೊಳ್ಳಲು ಏನಾದರೂ ಇರಬೇಕಾದರೆ, ಹೊರಗೆ ಯಾರಾದರೂ ಬಗ್ಗದೆ ನಿಂತಿರಬೇಕು. 1951ರಲ್ಲಿ ನೇಗಿಲು ಹಿಡಿದು ಹೊಲಕ್ಕಿಳಿಯದೆ ಇದ್ದಿದ್ದರೆ 1974ರಲ್ಲಿ ಅರಸರು ಬರೆಯಬೇಕಾದ ಕಾನೂನಿನ ಒತ್ತಡವೇ ಇರುತ್ತಿರಲಿಲ್ಲ. ಹಾಗೆಯೇ, ಅರಸರು ಬರೆಯದಿದ್ದರೆ ಆ ನೇಗಿಲ ಕತೆ ಬರೀ ಕಾದಂಬರಿಯಲ್ಲೇ ಉಳಿಯುತ್ತಿತ್ತು. ಗೋಪಾಲಗೌಡರಿಗೆ ತಮ್ಮ ಹೋರಾಟದ ಫಲ ಕಾಣಲಾಗಲಿಲ್ಲ. ಅದನ್ನು ಉಂಡವರಲ್ಲಿ, ಅದರ ಬೆಲೆ ತೆತ್ತವರಲ್ಲಿ, ಈ ಪತ್ರ ಓದುತ್ತಿರುವ ನಾವೂ ಇದ್ದೇವೆ.

ಅಂದು ಹೊರಡುವಾಗ ಆ ಇಬ್ಬರು ಗೆಳೆಯರು ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತು ಮಾತಾಡುತ್ತಿದ್ದರು. ಗದ್ದೆ ಯಾವ ಊರಿನದು, ಗೇಣಿ ಎಷ್ಟು ಕೊಳಗ, ಮಂಡಳಿಯ ಮುಂದೆ ಯಾರು ಸಾಕ್ಷಿ ಹೇಳಿದರು ಎಂದೆಲ್ಲ. ಚಳಿಗೆ ನಾವು ಕಾರಿನೊಳಗೆ ಕಾದೆವು, ಕರೆಯಲು ಮನಸ್ಸಾಗಲಿಲ್ಲ.

ಮಿತ್ರರೇ, ಈ ವಾರ ಊರಿಗೆ ಫೋನ್ ಮಾಡಿದಾಗ ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆಯವರು ಡಿಕ್ಲರೇಷನ್ ಕೊಟ್ಟವರೋ, ಕಳೆದುಕೊಂಡವರೋ? ಉತ್ತರ ಏನೇ ಇರಲಿ, ನಮಗೆ ಬರೆದು ಕಳಿಸಿ. ಮುಂದಿನ ಸಭೆಯಲ್ಲಿ ಅದನ್ನೇ ಓದೋಣ.


ನಿಮ್ಮ ಬಳಗ