ಸೊನ್ನೆಯ ಸ್ಥಾನವೂ ಅಂಕಗಳ ಹಾರವೂ

ಎಳೆಯ ಮಕ್ಕಳಿಗೆ ‘ನೂರ ಐದು’ ಎಂದು ಬರೆಯಹೇಳಿದರೆ ಕೆಲವರು ಹಲಗೆಯ ಮೇಲೆ 1005 ಎಂದು ಬರೆದುಕೊಂಡು ಬರುತ್ತಾರೆ. ಕಂಡೊಡನೆ ನಾವು ಗದರಿಸುವುದುಂಟು. ಆದರೆ ಸ್ವಲ್ಪ ಶೋಧಿಸಿ ನೋಡಿದರೆ, ಮಗುವು ಕೇಳಿದುದನ್ನೇ ಬರೆದಿದೆಯೆಂಬುದು ತಿಳಿಯುವುದು. ಮೊದಲು ನೂರು ಕೇಳಿಸಿತು, 100 ಎಂದು ಬರೆಯಿತು; ಬಳಿಕ ಐದು ಕೇಳಿಸಿತು, ಪಕ್ಕದಲ್ಲಿ 5 ನ್ನು ಇಟ್ಟಿತು. ಹತ್ತರ ಮನೆ ಬರಿದಾಗಿದೆಯೆಂಬ ಸೂಚನೆಯೇ ನಾವಾಡಿದ ಮಾತಿನಲ್ಲಿಲ್ಲ. ಮಾತು ಬರಿದಾದ ಮನೆಯನ್ನು ಹೇಳದೆ ದಾಟಿಹೋಗುತ್ತದೆ. ಬರಹವಾದರೋ ಅಲ್ಲಿ ಸೊನ್ನೆಯನ್ನಿಟ್ಟೇ ಮುಂದುವರಿಯಬೇಕು. ಸ್ಥಾನಬೆಲೆಯ ಪಾಠದಲ್ಲಿ ಮಕ್ಕಳು ಪಡುವ ಕಷ್ಟವು ಬಹುಮಟ್ಟಿಗೆ ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ.

ಬರಿದಾದ ಮನೆಗೂ ಒಂದು ಹೆಸರನ್ನು ಕೊಟ್ಟು, ಅದನ್ನು ಬಾಯಲ್ಲಿ ನುಡಿಸುವ ಉಪಾಯವೊಂದು ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅದೇ ಭೂತಸಂಖ್ಯೆ. ಚಂದ್ರನೆಂದರೆ 1, ನೇತ್ರವೆಂದರೆ 2, ಅಗ್ನಿಯೆಂದರೆ 3, ವೇದವೆಂದರೆ 4, ಬಾಣವೆಂದರೆ 5. ಸೊನ್ನೆಗೆ ಆಕಾಶದ ಹೆಸರುಗಳು: ಖ, ಗಗನ, ಅಂಬರ. ಬಿಡಿಯ ಸ್ಥಾನದಿಂದ ತೊಡಗಿ ಎಡಕ್ಕೆ ಸಾಗುವುದು ಇದರ ಕ್ರಮ. ಜ್ಯೋತಿಷಗ್ರಂಥಗಳಲ್ಲಿಯೂ, ಶಕವರ್ಷವನ್ನು ಹೇಳುವ ಶಾಸನಗಳಲ್ಲಿಯೂ ಈ ಒಗಟಿನ ಭಾಷೆಯನ್ನು ಕಾಣಬಹುದು. ಹೀಗೆ ‘ಬಾಣ, ಗಗನ, ಚಂದ್ರ’ ಎಂದರೆ ಆ ನೂರ ಐದೇ! ಮೂವರು ಮಕ್ಕಳಿಗೆ ಈ ಹೆಸರುಗಳನ್ನಿಟ್ಟು ಸಾಲಾಗಿ ನಿಲ್ಲಿಸಿದರೆ ಆಟ ಸಿದ್ಧವಾಯಿತು. ಗಗನನೆಂಬ ಹುಡುಗನ ಕೈಯಲ್ಲಿ ಏನೂ ಇಲ್ಲ. ಆದರೆ ಅವನು ಸಾಲನ್ನು ಬಿಟ್ಟೆದ್ದು ಉಳಿದಿಬ್ಬರು ಒತ್ತಾಗಿ ನಿಂತರೆ 105 ಹೋಗಿ 15 ಆಗುವುದು. ಏನನ್ನೂ ಹಿಡಿಯದವನು ಸ್ಥಾನವನ್ನು ಹಿಡಿದಿದ್ದಾನೆ ಎಂಬುದನ್ನು ಮಗುವು ಕಣ್ಣಾರೆ ಕಾಣುತ್ತದೆ.

ಒಗಟಿಗಿಂತಲೂ ಸೊಗಸಾದ ಇನ್ನೊಂದು ವಿನೋದವು ಕನ್ನಡನಾಡಿನ ಗಣಿತಜ್ಞನೊಬ್ಬನಲ್ಲಿ ದೊರೆಯುವುದು. ಕ್ರಿ. ಶ. 850 ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದನು. ಎಂ. ರಂಗಾಚಾರ್ಯರು 1912 ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಏಕ, ದಶ, ಶತ ಮೊದಲಾಗಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಆಚಾರ್ಯನು ಹೆಸರು ಹೇಳಿದ್ದಾನೆ. ಆದರೆ ನಮ್ಮನ್ನು ಹೆಚ್ಚಾಗಿ ಸೆಳೆಯುವುದು ಅವನ ಗುಣಾಕಾರದ ಲೆಕ್ಕಗಳು. ಕೆಲವು ಲೆಕ್ಕಗಳ ಗುಣಲಬ್ಧವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವಂತೆ ಅವನು ಆರಿಸಿದ್ದಾನೆ. ಇವನ್ನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 139 ನ್ನು 109 ರಿಂದ ಗುಣಿಸಿದರೆ 15151. 27994681 ನ್ನು 441 ರಿಂದ ಗುಣಿಸಿದರೆ 12345654321: ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆ.

ಇದು ಬರಿಯ ಚಮತ್ಕಾರವೆಂದು ತಳ್ಳಿಬಿಡುವವರುಂಟು. ನಾವು ಒಪ್ಪಲಾರೆವು. ಆ ಕಾಲದ ಲೆಕ್ಕವು ಧೂಳನ್ನು ಹರಡಿದ ಹಲಗೆಯ ಮೇಲೆ, ಅಂಕಗಳನ್ನು ಅಳಿಸಿ ಅಳಿಸಿ ಬರೆಯುತ್ತ ನಡೆಯುತ್ತಿದ್ದಿತು. ಹಿಂದಿರುಗಿ ನೋಡೋಣವೆಂದರೆ ನಡುವಿನ ಹೆಜ್ಜೆಗಳು ಉಳಿಯುತ್ತಿರಲಿಲ್ಲ. ಅಂಥಲ್ಲಿ ತನ್ನ ಸರಿತಪ್ಪನ್ನು ತಾನೇ ಸಾರುವ ಉತ್ತರವು ಶಿಷ್ಯನಿಗೆ ಎಷ್ಟು ಉಪಕಾರಿಯಾಗಿದ್ದಿರಬೇಕು! 109 ರ ನಡುವಣ ಸೊನ್ನೆಯನ್ನು ಮರೆತು, 139 ನ್ನು ಎರಡು ಮನೆಗಳಿಗೆ ಬದಲಾಗಿ ಒಂದೇ ಮನೆ ಸರಿಸಿದನೆನ್ನಿ. 1251 ಕ್ಕೆ 13900 ರ ಬದಲು 1390 ಸೇರಿ 2641 ಬರುವುದು. ಹಾರವು ಕಡಿದುಹೋಯಿತು. ಗುರುವು ಬಾಯಿ ತೆರೆಯಬೇಕಾಗಿಯೇ ಇಲ್ಲ, ಬೆತ್ತದ ಮಾತಂತೂ ದೂರವೇ ಉಳಿಯಿತು. ಆಚಾರ್ಯನು ಇವನ್ನು ಎಳೆಯ ಮಕ್ಕಳಿಗಾಗಿಯೇ ರಚಿಸಿದನೆಂದು ನಾವು ಹೇಳುವುದಿಲ್ಲ. ಆದರೆ ಗುಣಾಕಾರವನ್ನು ಆಗತಾನೆ ಕಲಿತ ಮಕ್ಕಳ ಕೈಗೆ ಇವು ಚೆನ್ನಾಗಿ ಒಪ್ಪುತ್ತವೆ.

ಮನೆಯಲ್ಲಿ ಮಕ್ಕಳಿರುವ ಶ್ರೋತೃಗಳು ಇದೇ ಜಾತಿಯ ಮತ್ತೊಂದನ್ನು ಮಾಡಿಸಿ ನೋಡಬಹುದು. 11011011 ನ್ನು 91 ರಿಂದ ಗುಣಿಸಲಿ. ಬಂದ ಉತ್ತರವನ್ನು ಮೊದಲು ಬಾಯಲ್ಲಿ ಹೇಳಿಸಿರಿ: ನೂರು ಕೋಟಿ ಇಪ್ಪತ್ತು ಲಕ್ಷ ಎರಡು ಸಾವಿರದ ಒಂದು. ಕಿವಿಗೆ ಯಾವ ಹಾರವೂ ಕೇಳಿಸದು. ಬಳಿಕ ಅದನ್ನೇ ಹಲಗೆಯ ಮೇಲೆ ಬರೆಯಲು ಹೇಳಿರಿ: 1002002001. ಮಾತಿನಲ್ಲಿ ಒಂದೂ ಕಾಣದಿದ್ದ ಆರು ಸೊನ್ನೆಗಳು ಮಣಿಗಳಂತೆ ತಮ್ಮ ತಮ್ಮ ಮನೆಗಳಲ್ಲಿ ಕುಳಿತಿರುವುವು.